ಕೈ ಮಾತ್ರ ನೋಡಿದವನು

ಅವನನ್ನ ಎಲ್ಲರೂ ಮೇಲಿನೋನು ಅಂತಾನೇ ಕರೀತಿದ್ರು. ಎತ್ತರದ ಕಟ್ಟಡ ಕಟ್ಟೋ ಕಡೆ ಉದ್ದ ಕತ್ತಿನ ಕ್ರೇನ್ ನಿಂತಿರುತ್ತಲ್ಲ, ಅದರ ತುದೀಲಿ ಗಾಜಿನ ಗೂಡಲ್ಲಿ ಕೂತು ಅದನ್ನ ಓಡಿಸೋ ಕೆಲಸ ಅವಂದು. "ಎಲ್ಲಾ ಮೇಲಿನೋನ ಇಚ್ಛೆ ಕಣ್ರೋ" ಅಂತ ಕೆಳಗಡೆ ಕಂಬಿ ಕಟ್ಟೋರು ಕಿಚಾಯಿಸೋರು. ಇವನೂ ಗೂಡಿಂದ ಕೈ ಎತ್ತಿ ಆಶೀರ್ವಾದ ಮಾಡೋನು. ಆದ್ರೆ ಅಲ್ಲಿ ಇವನ ಇಚ್ಛೆ ಅಂತ ಏನೂ ನಡೀತಿರ್ಲಿಲ್ಲ ಬಿಡಿ. ಕೆಳಗೆ ನಿಂತೋನು ಕೈಸನ್ನೆ ಮಾಡಿದ್ರೆ ಹೊರೆ ಏಳೋದು, ಸನ್ನೆ ಮಾಡಿದ್ರೆ ಇಳಿಯೋದು. ಹಾಗೆ ಕೈಸನ್ನೆ ಮಾಡ್ತಿದ್ದೋನು ಇವನ ಸ್ವಂತ ಭಾವ, ಅಕ್ಕನ ಗಂಡ.

ಇಪ್ಪತ್ತೆರಡು ವರ್ಷ ಒಟ್ಟಿಗೆ ದುಡಿದೋರು ಇಬ್ರೂ. ವಾಕಿ-ಟಾಕಿ ಕೊಟ್ಟಿದ್ರು, ಭಾವ ಅದನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡು ಮರೆತುಬಿಡೋರು. ಗದ್ದಲದಲ್ಲಿ ಮಾತು ಕಳ್ದುಹೋಗುತ್ತೆ, ಕೈ ಕಳ್ದುಹೋಗಲ್ಲ ಅನ್ನೋರು. ಹಳದಿ ಗ್ಲೌಸು. ಬೆರಳು ಮೇಲೆ ಮಾಡಿ ಸುತ್ತಿದ್ರೆ ಎತ್ತು, ಮುಷ್ಟಿ ಹಿಡಿದ್ರೆ ಹಾಗೇ ಇರು, ಎರಡೂ ಕೈ ಚಾಚಿದ್ರೆ ನಿಲ್ಸು. ಅಷ್ಟು ಎತ್ತರದಿಂದ ನೋಡಿದ್ರೆ ಮನುಷ್ಯ ಅಂದ್ರೆ ಒಂದು ಹೆಲ್ಮೆಟ್ಟು, ಎರಡು ಹಳದಿ ಚುಕ್ಕೆ, ಅಷ್ಟೇ. ಮುಖ ಅನ್ನೋದು ಕಾಣಿಸೋದೇ ಇಲ್ಲ. ಮತ್ತೆ ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಕೈ ಕಾಣಿಸ್ಲಿಲ್ವಾ, ಕೆಳಗಡೆ ಯಾರೂ ಇಲ್ಲ ಅಂತಾನೇ ಲೆಕ್ಕ. ಕ್ರೇನಿನ ಲಿವರ್ ಮುಟ್ಟೋ ಹಾಗಿಲ್ಲ. ಆ ಕಟ್ಟುನಿಟ್ಟಿಂದಾನೇ ಇಷ್ಟು ವರ್ಷ ಒಬ್ಬರ ತಲೆ ಮೇಲೂ ಏನೂ ಬೀಳ್ಲಿಲ್ಲ.

ಹಂಗಿದ್ದ ಭಾವಂಗೆ ಕಾಲಿಗೆ ಒಂದು ತಂತಿಹಗ್ಗ ತರಚ್ತು. ತರಚಿದ್ದು ಅಂದ್ರೆ ನಮ್ಮ ನಿಮ್ಮಂಥೋರು ಬಟ್ಟೆ ಕಟ್ಕೊಂಡು ಸುಮ್ಮನಾಗಿಬಿಡೋ ಗಾಯ. ಅವರೂ ಹಂಗೇ ಮಾಡಿದ್ರು. ಮೂರನೇ ದಿನ ಚಳಿ, ನಾಲ್ಕನೇ ದಿನ ಬಡಬಡಿಕೆ, ಐದನೇ ದಿನ ಐಸಿಯು. ನಂಜು ರಕ್ತಕ್ಕೇರಿದೆ ಅಂದ್ರು. ಕಿಡ್ನಿ ಮುಷ್ಕರ ಹೂಡ್ತು, ಶ್ವಾಸಕೋಶ ತುಂಬ್ಕೊಳ್ತು. ಬಾಯೊಳಗೆ ಕೊಳವೆ ಹಾಕಿ, ನಿದ್ದೆ ಬರೋ ಔಷಧಿ ಕೊಟ್ಟು, ವೆಂಟಿಲೇಟರ್‌ಗೆ ಹಚ್ಚಿದ್ರು. ಹದಿನಾಲ್ಕು ದಿನ ಅದೇ ಗತಿ. ಆಮೇಲೆ ಜ್ವರ ಇಳೀತು, ಕಿಡ್ನಿ ಒಲ್ಲದ ಮನಸ್ಸಿಂದ ಕೆಲಸಕ್ಕೆ ಬಂತು. ನಿದ್ದೆ ಔಷಧಿ ನಿಲ್ಸಿದ್ದೀವಿ, ಇನ್ನು ಎಚ್ಚರ ಆಗ್ತಾರೆ ನೋಡಿ ಅಂದ್ರು.

ಎಚ್ಚರ ಆಗ್ಲಿಲ್ಲ. ಅಂದ್ರೆ ಆಗಿಲ್ಲ ಅಂತ ಎಲ್ಲರೂ ಅಂದ್ಕೊಂಡ್ರು.

ಅಕ್ಕಂಗೆ ಆ ವಾರಾನೇ ಕೆಮ್ಮು ಶುರುವಾಗ್ಬೇಕಾ? ಕೆಮ್ಮೋರನ್ನ ಒಳಗೆ ಬಿಡಲ್ಲ. ಅವಳು ಹೋಟೆಲ್ಲಿನ ಹಾಸಿಗೆಬಟ್ಟೆ ಒಗೆಯೋ ಲಾಂಡ್ರೀಲಿ ಇಸ್ತ್ರಿ ಕೆಲಸದೋಳು, ಬಾಯಿ ಜೋರು. ಬಾಗಿಲ ಹತ್ರ ನಿಂತು ನರ್ಸ್ ಜೊತೆ ಜಗಳ ಆಡಿದ್ಲು, ಅಲ್ಲೇ ಎರಡು ಸಲ ಕೆಮ್ಮಿ ಸೋತುಹೋದ್ಲು. ತಮ್ಮನನ್ನ ಕರೆದು ಹೇಳಿದ್ಲು:

"ನೀನೇ ಹೋಗೋ. ನಿಂಗಲ್ವಾ ಅವರ ಕೈ ಭಾಷೆ ಗೊತ್ತಿರೋದು. ಒಂದು ಬೆರಳು ಅಲುಗಿದ್ರೂ ನಿಂಗೆ ತಿಳಿಯುತ್ತೆ."

ದಿನಕ್ಕೆ ಎರಡು ಸಲ, ಹತ್ತತ್ತು ನಿಮಿಷ. ಹಸಿರು ಗೌನ್ ಹಾಕ್ಕೊಂಡು ಹೋಗಿ ಮಂಚದ ಪಕ್ಕ ನಿಂತ್ಕೊಳ್ಳೋನು. ಭಾವನ ಮುಖ ಊದಿಕೊಂಡಿತ್ತು, ಕೊಳವೆ ಜಾರದ ಹಾಗೆ ಬಾಯಿಂದ ಕಿವಿ ಸುತ್ತ ಪಟ್ಟಿ ಬಿಗಿದಿದ್ರು, ಕಣ್ಣಿಗೆ ಎಂಥದೋ ಮುಲಾಮು. ಆ ಮುಖ ಭಾವಂದು ಅಂತಾನೇ ಇವನಿಗೆ ಅನ್ನಿಸ್ತಿರ್ಲಿಲ್ಲ. ನೋಡ್ತಿರ್ಲಿಲ್ಲ. ಕೈ ನೋಡ್ತಿದ್ದ. ಗ್ಲೌಸ್ ಇಲ್ಲದೆ ಆ ಕೈ ಬಡವಾಗಿ ಕಾಣ್ತಿತ್ತು. ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು.

ಅಲ್ಲಿದ್ದ ಚಿಕ್ಕ ಡಾಕ್ಟ್ರು ಪಾಪ ಒಳ್ಳೆಯೋನೇ, ಮೂವತ್ತಾರು ಗಂಟೆ ಡ್ಯೂಟಿ ಮಾಡಿ ಕಣ್ಣು ಕೆಂಪಾಗಿತ್ತು. ಭಾವನ ಅಂಗೈಯಲ್ಲಿ ತನ್ನ ಬೆರಳಿಟ್ಟು "ಹಿಸುಕಿ, ಹಿಸುಕಿ ನೋಡೋಣ" ಅಂದ. ಏನೂ ಇಲ್ಲ. "ಕಾಲ್ಬೆರಳು ಆಡಿಸಿ." ಏನೂ ಇಲ್ಲ.

"ಡಾಕ್ಟ್ರೇ, ಹಾಗೆಲ್ಲ ಬಾಯಲ್ಲಿ ಹೇಳಿದ್ರೆ ಅವರು ಕೇಳಲ್ಲ" ಅಂದ ಮೇಲಿನೋನು. "ನಾನು ಅವರ ಭಾಷೇಲೇ ಕೇಳ್ತೀನಿ ತಡೀರಿ."

ಮಂಚದ ಮೇಲೆ ಕೈ ಎತ್ತಿ ಬೆರಳು ಸುತ್ತಿಸಿದ. "ಎತ್ಲಾ ಭಾವ? ಹೊರೆ ರೆಡಿ ಇದೆ. ಎತ್ಲಾ, ಬೇಡ್ವಾ?" ಮುಷ್ಟಿ ಹಿಡಿದು ತೋರಿಸಿದ. ಎರಡೂ ಕೈ ಚಾಚಿದ. ಪಕ್ಕದ ಮಂಚದ ಹತ್ರ ಇದ್ದ ನರ್ಸ್ ಇವಂಗೇ ಏನೋ ಆಗಿದೆ ಅಂದ್ಕೊಂಡು ತಿರುಗಿ ನೋಡಿದ್ಲು. ಭಾವನ ಕೈ ಹಾಸಿಗೆ ಮೇಲೆ ಬಿಟ್ಟ ಹಾಗೇ ಬಿದ್ದಿತ್ತು, ಯಾರೋ ಮರೆತು ಹೋದ ಸಾಮಾನಿನ ಹಾಗೆ.

ಹೀಗೆ ನಾಲ್ಕು ದಿನ. ಪ್ರತಿ ಸಲ ಹೊರಗೆ ಬಂದಾಗ ಅಕ್ಕ ಬಾಯಿಗೆ ಸೆರಗು ಹಿಡ್ಕೊಂಡು ಇವನ ಮುಖಾನೇ ನೋಡೋಳು, ಇವನು ಇಲ್ಲ ಅಂತ ತಲೆ ಆಡಿಸೋನು. ನಾಲ್ಕನೇ ದಿನ ಚಿಕ್ಕ ಡಾಕ್ಟ್ರು ಮಂಚದ ಪಕ್ಕಾನೇ ಕೇಳಿದ. "ನೀವು ಅವರನ್ನ ತುಂಬ ಹತ್ರದಿಂದ ಬಲ್ಲೋರು. ನಿಮಗೆ ಏನನ್ಸುತ್ತೆ?"

ಇವನು ಕೈ ನೋಡ್ತಾ ನಿಂತ. ಆಮೇಲೆ ಹೇಳೇಬಿಟ್ಟ.

"ಇಪ್ಪತ್ತೆರಡು ವರ್ಷ ಈ ಕೈ ನೋಡಿದೀನಿ ಡಾಕ್ಟ್ರೇ. ಭಾವ ಇಲ್ಲ. ಇಲ್ಲಿ ಯಾರೂ ಇಲ್ಲ."

ಡಾಕ್ಟ್ರು ಮೆಲ್ಲಗೆ ಬರ್ಕೊಂಡ. ಸಂಜೆ ದೊಡ್ಡ ಡಾಕ್ಟ್ರು ಅಕ್ಕ ತಮ್ಮ ಇಬ್ಬರನ್ನೂ ಕೂರಿಸ್ಕೊಂಡು ಮಾತಾಡಿದ್ರು. ತಲೆ ಸ್ಕ್ಯಾನಿನಲ್ಲಿ ಅಂಥಾದ್ದೇನೂ ಕಾಣಿಸ್ತಿಲ್ಲ, ಆದ್ರೂ ಎಚ್ಚರ ಬರ್ತಿಲ್ಲ, ಯಾಕೆ ಅಂತ ಪೂರ್ತಿ ಗೊತ್ತಿಲ್ಲ. ನಾಳೆ ನರದ ಡಾಕ್ಟ್ರು ನೋಡ್ತಾರೆ. ಬಾಯಿ ಕೊಳವೆ ಇನ್ನು ಹೆಚ್ಚು ದಿನ ಇಡೋ ಹಾಗಿಲ್ಲ. ಗಂಟಲಲ್ಲಿ ತೂತು ಮಾಡಿ ಅಲ್ಲಿಂದ ಉಸಿರಿನ ಮೆಷಿನ್ ಮುಂದುವರಿಸ್ಬಹುದು, ಅದು ತಿಂಗಳುಗಟ್ಟಲೆ ಆಗ್ಬಹುದು. ಇಲ್ಲಾ, ಅವರಿಗೆ ಹಾಗೆ ಬದುಕೋದು ಇಷ್ಟ ಇರ್ತಿರ್ಲಿಲ್ಲ ಅಂತ ನಿಮಗೆ ಅನ್ಸಿದ್ರೆ, ಕೊಳವೆ ತೆಗೆದು ಸಂಕಟ ಆಗದ ಹಾಗೆ ನೋಡ್ಕೋತೀವಿ. ನಾಳೆ ಮಧ್ಯಾಹ್ನದೊಳಗೆ ಯೋಚ್ನೆ ಮಾಡಿ ಹೇಳಿ.

ಕಾರಿಡಾರಿನ ಪ್ಲಾಸ್ಟಿಕ್ ಕುರ್ಚೀಲಿ ಕೂತು ಅಕ್ಕ ತಮ್ಮನ ಕಡೆ ತಿರುಗಿದ್ಲು.

"ನೀನು ಏನಂದೆ ಡಾಕ್ಟ್ರಿಗೆ?"

"ಇದ್ದಿದ್ದು ಅಂದೆ ಅಕ್ಕ."

"ಏನು ಇದ್ದಿದ್ದು?"

"ಭಾವ ಇಲ್ಲ ಅಂತ."

"ಇಲ್ಲ ಅಂದ್ರೆ? ಎಲ್ಲಿಗೆ ಹೋದ್ರಂತೆ? ನಿಂಗೆ ಹೇಳಿ ಹೋದ್ರಾ?" ಅಂತ ರೇಗಿದ್ಲು. ಆಮೇಲೆ ಸೆರಗಲ್ಲಿ ಕಣ್ಣು ಒತ್ಕೊಂಡ್ಲು. "ನಾನು ನೋಡ್ದೆ ಏನೂ ಹೇಳಲ್ಲ. ನಾಳೆ ನಾನೇ ಒಳಗೆ ಹೋಗ್ತೀನಿ. ಕೆಮ್ಮು ಬಂದ್ರೆ ನುಂಗ್ಕೋತೀನಿ."

ಆ ರಾತ್ರಿ ಹೇಗೆ ಹೋಯ್ತು ಅಂತ ಕೇಳ್ಬೇಡಿ. ಬೆಳಗ್ಗೆ ಅಷ್ಟೊತ್ತಿಗೆ ಇವನಿಗೆ ಒಂದೇ ಹೆದರಿಕೆ, ಅಕ್ಕ ನೋಡ್ಲಿ, ನೋಡಿ ಒಪ್ಕೊಳ್ಳಲಿ, ಇಲ್ಲದಿದ್ರೆ ಖಾಲಿ ಮನೆಗೆ ತಿಂಗಳುಗಟ್ಟಲೆ ಕಾವಲು ಕೂತ ಹಾಗಾಗುತ್ತಲ್ಲ ಅಂತ. ಹಾಗೆ ಅಂದ್ಕೊಂಡಿದ್ದಕ್ಕೆ ಆಮೇಲೆ ಎಷ್ಟು ಸಲ ತಲೆ ಚಚ್ಕೊಂಡ್ನೋ.

ನಿರ್ಧಾರದ ದಿನ ಅಂತ ಇಬ್ಬರನ್ನೂ ಒಟ್ಟಿಗೆ ಬಿಟ್ರು. ಅಕ್ಕಂಗೆ ಎರಡು ಮಾಸ್ಕ್ ಕಟ್ಟಿದ್ರು. ಒಳಗೆ ಹೋದವಳೇ ಮೊದಲು ಹಾಸಿಗೆಬಟ್ಟೆ ನೋಡಿ "ಇದನ್ನ ಇಸ್ತ್ರಿ ಮಾಡಿದ್ದು ಯಾರು, ಎಮ್ಮೆ ಮಲಗಿದ ಹಾಗಿದೆ" ಅಂತ ಗೊಣಗಿದ್ಲು. ದುಃಖ ಬಂದಾಗ ಅವಳು ಹಂಗೇನೇ, ಯಾವುದಾದ್ರೂ ಒಂದನ್ನ ಬೈತಾಳೆ. ಆಮೇಲೆ ಗಂಡನ ತಲೆ ಹತ್ರ ಹೋಗಿ ನಿಂತ್ಲು. ತಲೆ ಹತ್ರ. ಇವನು ಎಂದಿನ ಹಾಗೆ ಸೊಂಟದ ಹತ್ರ, ಕೈ ಕಾಣೋ ಕಡೆ.

ದಪ್ಪ ಕನ್ನಡಕದ ನರ್ಸ್ ಒಬ್ರಿದ್ರು, ವಯಸ್ಸಾದೋರು. ಪ್ರತಿ ಗಂಟೆಗೊಂದು ಪರೀಕ್ಷೆ ಮಾಡ್ಬೇಕಲ್ಲ, ಪೆನ್ನು ತಗೊಂಡು ಭಾವನ ಬೆರಳಿನ ಉಗುರಿನ ಮೇಲೆ ಇಟ್ಟು ಒತ್ತಿದ್ರು. ನೋವು ಗೊತ್ತಾಗೋರು ಕೈ ಹಿಂದಕ್ಕೆ ಎಳ್ಕೋತಾರೆ. ಇವನು ಉಸಿರು ಬಿಗಿಹಿಡಿದು ಕೈ ನೋಡ್ದ. ಅಲುಗಲಿಲ್ಲ.

"ಅಯ್ಯೋ, ನಿಲ್ಸಿ ಸಿಸ್ಟರ್!" ಅಂತ ಅಕ್ಕ ಕೂಗಿದ್ಲು. "ನೋವಾಗ್ತಿದೆ ಅವರಿಗೆ!"

"ಕೈ ಎಳ್ಕೊಳ್ಳಲಿಲ್ವಲ್ಲ ಅಮ್ಮ."

"ಕೈ ಮನೆ ಹಾಳಾಗ! ಮುಖ ನೋಡಿ ಮುಖ!"

ನರ್ಸ್ ಕನ್ನಡಕ ಮೇಲೆ ಮಾಡ್ಕೊಂಡು, ಈ ಸಲ ಮುಖ ನೋಡ್ತಾ, ಇನ್ನೊಂದು ಸಲ ಒತ್ತಿದ್ರು. ಇವನೂ ನೋಡ್ದ. ಊದಿದ ಆ ಮುಖದಲ್ಲಿ ಹಣೆ ಗಂಟಾಯ್ತು. ಕಣ್ಣಿನ ಸುತ್ತ ಸುಕ್ಕು ಬಿತ್ತು. ಪಟ್ಟಿ ಕೆಳಗೆ ಕೆನ್ನೆ ಕಿವುಚ್ಕೊಳ್ತು. ಕೈ ಮಾತ್ರ ಸತ್ತ ಹಾಗೆ ಬಿದ್ದಿತ್ತು.

ಅಕ್ಕ ಬಗ್ಗಿ ಗಂಡನ ಕಿವಿ ಹತ್ರ ಬಾಯಿಟ್ಟು, ಅಡಿಗೆಮನೆಯಿಂದ ಕೂಗೋ ದನೀಲಿ ಕೇಳಿದ್ಲು. "ಏನ್ರೀ, ನಾನು ಗೊತ್ತಾಗ್ತೀನಾ? ಗೊತ್ತಾದ್ರೆ ಹುಬ್ಬೆತ್ರೀ."

ಭಾವ ಮನೇಲಿ ಮಾತು ಕಮ್ಮಿ. ಕೈಸನ್ನೆ ಎಲ್ಲಾ ಕೆಲಸದ ಜಾಗಕ್ಕೆ ಮೀಸಲು. ಮನೇಲಿ ಉಪ್ಪು ಕಮ್ಮಿಯಾದ್ರೆ ಹುಬ್ಬು, ನೆಂಟರು ಹೆಚ್ಚು ಹೊತ್ತು ಕೂತ್ರೆ ಹುಬ್ಬು. ಅಕ್ಕಂಗೆ ಅದೇ ಸಂಸಾರ. ಮೇಲಿನೋನಿಗೆ ಇದೆಲ್ಲ ಎಲ್ಲಿ ಗೊತ್ತು? ಅವನು ಆ ಮನೆಗೆ ಊಟಕ್ಕೆ ಹೋದ್ರೆ ತಟ್ಟೆ ನೋಡ್ತಿದ್ದ.

ಎರಡೂ ಹುಬ್ಬು ಮೇಲೆ ಹೋಯ್ತು. ಮೆಲ್ಲಗೆ, ತುಕ್ಕು ಹಿಡಿದ ಶಟರ್ ಎತ್ತಿದ ಹಾಗೆ.

ಅಕ್ಕ ಅಳ್ತಾ ನಗ್ತಾ ಕೆಮ್ತಾ ಮೂರೂ ಒಟ್ಟಿಗೆ ಮಾಡಿದ್ಲು. ನರ್ಸ್ ಚಿಕ್ಕ ಡಾಕ್ಟ್ರನ್ನ ಕೂಗಿದ್ರು, ಅವನು ಓಡಿ ಬಂದ, ಬಿಳಿಚಿಕೊಂಡ. ಇನ್ನು ನಮ್ಮ ಮೇಲಿನೋನು? ಎಲ್ಲರ ಹಾಗೆ ಅವನಿಗೂ ಖುಷಿ ಆಯ್ತು, ಒಂದು ನಾಲ್ಕು ಉಸಿರಿನಷ್ಟು ಹೊತ್ತು. ಆಮೇಲೆ ಲೆಕ್ಕ ಹಾಕ್ದ. ಭಾವ ಇದ್ದಾರೆ. ಅಂದ್ರೆ ನಿನ್ನೆನೂ ಇದ್ರು. ನಾನು 'ಯಾರೂ ಇಲ್ಲ' ಅಂದಾಗ ಒಂದು ಮೊಳ ದೂರದಲ್ಲಿ ಇದ್ರು.

ಮಧ್ಯಾಹ್ನಕ್ಕೆ ಮುಂಚೆ ನರದ ಡಾಕ್ಟ್ರಮ್ಮ ಬಂದ್ರು, ಸಣ್ಣ ಪೆಟ್ಟಿಗೆ, ತಂತಿ, ಸೂಜಿ ಎಲ್ಲಾ ತಗೊಂಡು. ಕೈ ಕಾಲಿಗೆ ಸಣ್ಣ ಕರೆಂಟು ಕೊಟ್ಟು ಪರದೆ ಮೇಲೆ ಗೆರೆ ನೋಡಿದ್ರು. ಗೆರೆ ಏಳ್ಬೇಕಾದ ಕಡೆ ಸುಮ್ಮನೆ ಮಲಗಿತ್ತು. ಅವರು ಹೊರಗೆ ಬಂದು ಬಿಡಿಸಿ ಹೇಳಿದ್ರು.

"ತಲೆ ಸರಿಯಾಗಿದೆ. ಕೈಕಾಲಿಗೆ ಹೋಗೋ ನರಗಳು ಸೊರಗಿಹೋಗಿವೆ. ಐಸಿಯುನಲ್ಲಿ ದೊಡ್ಡ ನಂಜು ಬಂದು ಬಹಳ ದಿನ ಮಲಗಿದೋರಲ್ಲಿ ಇದು ಆಗುತ್ತೆ. ಮುಖದ ನರಗಳು ಸಾಮಾನ್ಯವಾಗಿ ಉಳ್ಕೊಳ್ಳುತ್ತೆ. ಕೈ ಹಿಸುಕಿ ಅಂದಾಗ ಅವರು ಹಿಸುಕೋಕೆ ಹೊರಟಿರ್ತಾರೆ, ಅಪ್ಪಣೆ ಕೈವರೆಗೂ ತಲುಪ್ತಿಲ್ಲ."

"ಉಸಿರು?" ಅಂದ್ಲು ಅಕ್ಕ.

"ಉಸಿರಾಡೋ ಸ್ನಾಯುಗಳಿಗೂ ಅದೇ ಕತೆ. ಅದಕ್ಕೇ ಮೆಷಿನ್ ಬಿಡೋಕೆ ಆಗ್ತಿಲ್ಲ. ನರ ಬೆಳೆಯುತ್ತೆ, ತುಂಬ ನಿಧಾನ. ದಿನಕ್ಕೆ ಒಂದು ಮಿಲಿಮೀಟರ್ ಅಂದ್ರೆ ಹೆಚ್ಚು."

ಮೇಲಿನೋನು ಮನಸ್ಸಲ್ಲೇ ಬೆನ್ನುಹುರಿಯಿಂದ ಬೆರಳ ತುದಿವರೆಗೆ ಅಳೆದ. ಅಳತೆ ಅವನ ಕಸುಬಲ್ವಾ. ಎರಡು ವರ್ಷದ ಮೇಲೆ ಬಂತು. "ಪೂರ್ತಿ ವಾಪಸ್ ಬರುತ್ತಾ ಡಾಕ್ಟ್ರಮ್ಮ?"

"ಕೆಲವರಿಗೆ ಬರುತ್ತೆ. ಕೆಲವರಿಗೆ ಅರ್ಧಂಬರ್ಧ. ಈಗ ಹೇಳಿದ್ರೆ ಸುಳ್ಳು ಹೇಳಿದ ಹಾಗೆ. ಗಂಟಲಿನ ತೂತಿನ ವಿಷ್ಯ ಮಾತ್ರ ಇನ್ನು ನೀವು ನಿರ್ಧಾರ ಮಾಡೋದಲ್ಲ. ಅವರು ಎಚ್ಚರವಾಗಿದ್ದಾರೆ, ಅವರನ್ನೇ ಕೇಳ್ಬೇಕು."

ಕೇಳೋದು ಯಾರು? ದೊಡ್ಡ ಡಾಕ್ಟ್ರು ಭಾವಂಗೆ ಎಲ್ಲಾನೂ ನಿಧಾನವಾಗಿ ವಿವರಿಸಿ ಹೇಳಿದ್ರು. ತೂತು, ಮೆಷಿನ್, ತಿಂಗಳುಗಳು, ಕೈಕಾಲು ಬರ್ಬಹುದು ಬರ್ದೇ ಇರ್ಬಹುದು, ಬೇಡ ಅಂದ್ರೂ ಯಾರೂ ಬಲವಂತ ಮಾಡಲ್ಲ. ಒಂದು ಸಲ ಹುಬ್ಬೆತ್ತಿದ್ರೆ ಹೂಂ, ಎರಡು ಸಲ ಅಂದ್ರೆ ಬೇಡ. "ಮನೆಯೋರೇ ಕೇಳಿದ್ರೆ ಅವರಿಗೂ ಧೈರ್ಯ" ಅಂತ ಹಿಂದೆ ಸರಿದ್ರು.

ಅಕ್ಕ ತಮ್ಮನನ್ನ ಮುಂದಕ್ಕೆ ತಳ್ಳಿದ್ಲು. "ನೀನೇ ಕೇಳು."

"ನಾನಾ? ನೀನು ಹೆಂಡ್ತಿ ಅಕ್ಕ!"

"ಅದಕ್ಕೇ. ನಾನು ಕೇಳಿದ್ರೆ ನಂಗೋಸ್ಕರ ಹೂಂ ಅಂದ್ಬಿಡ್ತಾರೆ. ನಿನ್ನ ಹತ್ರ ಮುಲಾಜಿಲ್ಲ."

ಇವನು ಹೋಗಿ ತಲೆ ಹತ್ರ ನಿಂತ. ಭಾವನ ಕಣ್ಣು ಅರ್ಧ ತೆರೆದಿತ್ತು, ಮುಲಾಮಿನ ಹಿಂದಿಂದ ಇವನನ್ನೇ ನೋಡ್ತಿತ್ತು. ಇಪ್ಪತ್ತೆರಡು ವರ್ಷ ಜೊತೇಲಿ ಇದ್ರೂ ಆ ಕಣ್ಣಿನ ಬಣ್ಣ ಇಷ್ಟು ತಿಳಿ ಅಂತ ಇವನಿಗೆ ಗೊತ್ತಿರ್ಲಿಲ್ಲ.

ಕೇಳ್ಬೇಕಾದ್ದು ಬಿಟ್ಟು ಬಾಯಿಂದ ಬೇರೇದೇ ಬಂತು. "ಭಾವ, ನಾನು ನಿನ್ನೆ ಡಾಕ್ಟ್ರಿಗೆ ಅಂದಿದ್ದು... ನಿಮಗೆ ಕೇಳಿಸ್ತಾ?"

ಹುಬ್ಬು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು.

"ಅಂದಿದ್ದು ಅಂದಾಯ್ತು, ಈಗ ಅದೆಲ್ಲ ಯಾಕೋ?" ಅಂದ್ಲು ಅಕ್ಕ ಹಿಂದಿಂದ. ಇವನು ತಿರುಗಿ ನೋಡ್ಲಿಲ್ಲ. ಹತ್ತು ಸಲ ಕ್ಷಮಿಸಿ ಅನ್ಬೇಕು ಅಂದ್ಕೊಂಡ. ಮಾತಿಲ್ಲದೆ ಮಲಗಿ, ಸ್ವಂತ ಭಾಮೈದನ ಬಾಯಿಂದ 'ಯಾರೂ ಇಲ್ಲ' ಅನ್ನಿಸ್ಕೊಂಡೋನು ಈಗ ಏನು ಅಂತ ಬದುಕ್ಬೇಕು ಅಂತಾನೆ? ಬೇಡ ಅಂದ್ರೆ? ಬೇಡ ಅಂದ್ರೆ ಅದು ಕಾಯಿಲೆ ಅಂದಿದ್ದಾ, ನಾನು ಅನ್ನಿಸಿದ್ದಾ?

"ಭಾವ. ಗಂಟಲಿನ ವಿಷ್ಯ ಡಾಕ್ಟ್ರು ಹೇಳಿದ್ರಲ್ಲ. ಮಾಡಿಸ್ಲಾ?"

ಮೆಷಿನ್ ಒಂದು ಉಸಿರು ತಳ್ಳಿತು. ಇನ್ನೊಂದು. ಮತ್ತೊಂದು. ಹುಬ್ಬು ಅಲುಗಲಿಲ್ಲ. ಚಿಕ್ಕ ಡಾಕ್ಟ್ರು ಗೋಡೆ ನೋಡ್ದ. ಅಕ್ಕನ ಬೆರಳು ಇವನ ಗೌನನ್ನ ಹಿಂದಿಂದ ಹಿಡ್ಕೊಂಡು ಮುದುಡಿಸ್ತಿತ್ತು. ಇವನು ಲೆಕ್ಕ ಹಾಕ್ತಾ ಹೋದ. ಏಳು ಉಸಿರು, ಎಂಟು.

ಹುಬ್ಬು ಎದ್ದಿತು. ಒಂದು ಸಲ.

"ಹೂಂ ಅಂದ್ರು!" ಅಂತ ನರ್ಸ್ ಅನ್ನೋಷ್ಟರಲ್ಲಿ ಹುಬ್ಬು ಮತ್ತೆ ಎದ್ದಿತು. ಅದರ ಹಿಂದೇನೇ ಇನ್ನೊಂದು. ಆಮೇಲೆ ಜೋರಾಗಿ ಎರಡು ಸಲ, ಹಣೆ ಗಂಟು ಹಾಕ್ಕೊಂಡು.

"ಬೇಡ ಅಂತಿದ್ದಾರಾ?" ಅಂದ ಚಿಕ್ಕ ಡಾಕ್ಟ್ರು. ಮಾನಿಟರ್ ಮೇಲೆ ಎದೆಬಡಿತ ನೂರಾ ಇಪ್ಪತ್ತು ದಾಟಿ ಕಿರುಚೋಕೆ ಶುರು ಮಾಡ್ತು. ಅಕ್ಕ ಕೂತೇಬಿಟ್ಲು. ಮೇಲಿನೋನಿಗೆ ಒಂದೇ ಯೋಚ್ನೆ. ಮನಸ್ಸು ಬದಲಾಯಿಸಿದ್ರು, ನನ್ನ ಮುಖ ನೋಡಿ ಬದಲಾಯಿಸಿದ್ರು. ಓಡಿಹೋಗೋಣ ಅನ್ನಿಸ್ತು. ಹೋಗ್ಲಿಲ್ಲ. ಬಗ್ಗಿ, ಮೂಗಿಗೆ ಮೂಗು ತಾಗೋ ಅಷ್ಟು ಹತ್ರದಿಂದ ಆ ಮುಖ ನೋಡ್ದ. ಹುಬ್ಬು ಎದ್ದಾಗಲೆಲ್ಲ ಕಣ್ಣುಗುಡ್ಡೆ ಎಡಕ್ಕೆ ಹೊರಳ್ತಿತ್ತು. ಎಡಕ್ಕೆ, ಮತ್ತೆ ಎಡಕ್ಕೆ.

"ಭಾವ, ಬೇರೆ ಏನೋ ಹೇಳ್ತಿದ್ದೀರಾ?"

ಒಂದು ಸಲ.

"ನೋವಾ?"

ಒಂದು ಸಲ.

"ಈ ಕಡೆನಾ? ಕೆನ್ನೆನಾ?" ಎರಡು. "ಕತ್ತಾ?" ಎರಡು. "ಕಿವಿನಾ?"

ಹುಬ್ಬು ಎದ್ದಿದ್ದು ಹಣೆಯ ತುದಿಗೇ ಹೋಗಿ ನಿಂತ್ಕೊಳ್ತು.

ನರ್ಸ್ ತಲೆಯನ್ನ ಮೆಲ್ಲಗೆ ತಿರುಗಿಸಿ, ಕೊಳವೆ ಬಿಗಿದ ಪಟ್ಟಿಯನ್ನ ಎಡಗಿವಿ ಹಿಂದೆ ಎತ್ತಿದ್ರು. ಪಟ್ಟಿ ಕಿವಿಯ ಬುಡದೊಳಗೆ ಇಳಿದುಹೋಗಿತ್ತು. ಒಂದು ಬೆರಳು ಉದ್ದದ ಸೀಳು, ಕೆಂಪಗೆ, ಅಂಚಲ್ಲಿ ಒಣಗಿದ ರಕ್ತ. "ಅಯ್ಯೋ ದೇವ್ರೇ" ಅಂದ್ರು ನರ್ಸ್. "ಇದು ಈವತ್ತಿಂದಲ್ಲ." ಪಟ್ಟಿ ಸಡಿಲ ಮಾಡಿದ್ರು, ಗಾಯ ತೊಳೆದ್ರು, ಕೆಳಗೆ ಮೆತ್ತನೆ ಹತ್ತಿ ಇಟ್ರು. ಎದೆಬಡಿತ ನೂರಾ ಹತ್ತಾಯ್ತು, ನೂರಾಯ್ತು. ಭಾವನ ಕಣ್ಣಿನ ಮೂಲೆಯಿಂದ ನೀರು ಇಳೀತು. ಅದನ್ನ ಒರೆಸೋಕೆ ಅವರ ಕೈ ಬರಲ್ವಲ್ಲ, ಅಕ್ಕ ಎದ್ದು ಬಂದು ಸೆರಗಲ್ಲಿ ಒರೆಸಿದ್ಲು. ಸೆರಗು ಒಳಗೆ ತಾಗಿಸ್ಬಾರ್ದು ಅನ್ನೋ ನಿಯಮ ಇತ್ತು, ಯಾರೂ ತಡೀಲಿಲ್ಲ.

ಮೇಲಿನೋನು ಆ ಸೀಳನ್ನೇ ನೋಡ್ತಾ ನಿಂತಿದ್ದ. ನಾಲ್ಕು ದಿನ, ಎಂಟು ಸಲ, ಹತ್ತತ್ತು ನಿಮಿಷ. ಬಗ್ಗಿ ನೋಡಿದ್ರೆ ಮೊದಲ ದಿನಾನೇ ಕಾಣಿಸ್ತಿತ್ತು.

"ಇನ್ನೊಂದು ಸಲ ಕೇಳ್ಬೇಕು" ಅಂದ್ರು ದೊಡ್ಡ ಡಾಕ್ಟ್ರು. "ನೋವಿನ ಗಲಾಟೇಲಿ ಹೇಳಿದ್ದನ್ನ ನಾನು ಲೆಕ್ಕಕ್ಕೆ ತಗೊಳಲ್ಲ."

ಇವನು ಮತ್ತೆ ಬಗ್ಗಿದ. "ಭಾವ, ಗಂಟಲು. ಮಾಡಿಸ್ಲಾ?"

ಈ ಸಲ ಕಾಯಿಸ್ಲಿಲ್ಲ. ಹುಬ್ಬು ಎದ್ದಿತು, ಇಳೀತು, ಅಲ್ಲೇ ನಿಂತಿತು. ಎಲ್ಲರೂ ಎರಡನೆಯದಕ್ಕೆ ಕಾದ್ರು. ಬರ್ಲಿಲ್ಲ.

"ಆಯ್ತು. ಸಂಜೆ ನಾಲ್ಕಕ್ಕೆ" ಅಂತ ಡಾಕ್ಟ್ರು ಬರ್ಕೊಂಡ್ರು.

"ಸರಿಯಾಗಿ ಯೋಚ್ನೆ ಮಾಡಿ ಹೇಳಿದ್ರಾ ಭಾವ?" ಅಂದ ಮೇಲಿನೋನು.

ಹುಬ್ಬು.

"ಕೈ ಬರೋಕೆ ವರ್ಷಗಟ್ಟಲೆ ಆಗ್ಬಹುದಂತೆ. ಬರ್ದೇನೂ ಇರ್ಬಹುದು. ಕೇಳಿಸ್ಕೊಂಡ್ರಾ?"

ಹುಬ್ಬು.

"ಆದ್ರೂ ಮಾಡಿಸ್ಲಾ?"

"ಎಷ್ಟು ಸಲಾನೋ ಕೇಳ್ತೀಯ, ಅವರಿಗೆ ಸುಸ್ತಾಗಲ್ವೇನೋ!" ಅಂತ ಅಕ್ಕ ಇವನ ಗೌನ್ ಹಿಡಿದು ಎಳೆದ್ಲು.

"ಇನ್ನೊಂದೇ ಸಲ ಅಕ್ಕ" ಅಂದ ಅವನು, ಆ ಮುಖದಿಂದ ಕಣ್ಣು ಕೀಳದೆ.